ಕೆಂಪು ಪಂಪು, ಹಸಿರು ಪಂಪು: ಬಂಗಾಳದ ನೀರನ್ನ ಪರೀಕ್ಷೆ ಮಾಡಿದವರ ಕಥೆ



ಇವತ್ತು ಕಥೆ ಶುರು ಮಾಡೋಕೆ ಮುಂಚೆ ಒಂದು ಚಿಕ್ಕ ಕೆಲಸ. ಪಕ್ಕದಲ್ಲಿ ನೀರಿನ ಬಾಟಲ್ ಇದ್ದರೆ ಎತ್ಕೊಳ್ಳಿ, ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದೆ ಅಲ್ವಾ? ಮೂಸಿ ನೋಡಿ, ವಾಸನೆ ಇಲ್ಲ. ಒಂದು ಗುಟುಕು ಕುಡೀರಿ, ರುಚೀನೂ ಸರಿಯಾಗೇ ಇದೆ. ಹಾಗಾದ್ರೆ ಈ ನೀರು ಒಳ್ಳೇದು ಅಂತ ನಿಮಗೆ ಹೇಳಿದ್ದು ಯಾರು? ನಿಮ್ಮ ಕಣ್ಣು, ಮೂಗು, ನಾಲಿಗೆ. ಈ ಮೂರನ್ನೂ ನಂಬಿದ ಕೋಟ್ಯಂತರ ಜನರ ಕಥೆ ಇವತ್ತಿನದು.

ಬಾಂಗ್ಲಾದೇಶದ ಹಳ್ಳಿಗಳಲ್ಲಿ 2000ರ ಆಸುಪಾಸಿನಲ್ಲಿ ಒಂದು ವಿಚಿತ್ರ ದೃಶ್ಯ ಕಾಣ್ತಿತ್ತು. ಮನೆ ಅಂಗಳದಲ್ಲಿ ಕೈಪಂಪು. ಕೆಲವು ಪಂಪುಗಳ ಮೂತಿಗೆ ಹಸಿರು ಬಣ್ಣ, ಕೆಲವಕ್ಕೆ ಕೆಂಪು. ಹಸಿರು ಅಂದ್ರೆ ಕುಡೀಬಹುದು. ಕೆಂಪು ಅಂದ್ರೆ ಪಾತ್ರೆ ತೊಳೀರಿ, ಬಟ್ಟೆ ಒಗೀರಿ, ಆದರೆ ಕುಡಿಯೋಕೂ ಅಡುಗೆಗೂ ಬೇಡ. ಒಂದೇ ಓಣಿಯಲ್ಲಿ ಅಣ್ಣನ ಮನೆ ಪಂಪು ಹಸಿರು, ತಮ್ಮನ ಮನೆ ಪಂಪು ಕೆಂಪು. ಎರಡರ ನೀರನ್ನೂ ಲೋಟದಲ್ಲಿ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಯಾರಿಗೂ ಹೇಳೋಕಾಗಲ್ಲ.

ಆ ಬಣ್ಣ ಬಳಿಯೋಕೆ ಮುಂಚೆ ಯಾರೋ ನೀರನ್ನ ಪರೀಕ್ಷೆ ಮಾಡಿರಬೇಕಲ್ಲ? ಯಾರು ಅವರು? ಯಾವ ಲ್ಯಾಬು? ಅದನ್ನ ಯಾರು ಕಟ್ಟಿದ್ರು, ಹೇಗೆ ನಡೆಸಿದ್ರು? ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಇಷ್ಟು ತಡ ಯಾಕಾಯ್ತು?

ಕೆರೆಯಿಂದ ಕೊಳವೆಗೆ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬಂಗಾಳ ಅಂದ್ರೆ ನೀರಿನ ನಾಡು. ಗಂಗಾ, ಬ್ರಹ್ಮಪುತ್ರ, ಮೇಘನಾ ಮೂರೂ ಸೇರಿ ಕಟ್ಟಿದ ಮುಖಜಭೂಮಿ. ಅಲ್ಲಿನ ಹಳ್ಳಿ ಜನ ತಲೆತಲಾಂತರದಿಂದ ಕೆರೆ, ಕುಂಟೆ, ನದಿ ನೀರು ಕುಡಿದವರು. ಅದೇ ಕೆರೆಯಲ್ಲಿ ಸ್ನಾನ, ಅದೇ ಕೆರೆಗೆ ಕೊಳಚೆ. ಕಾಲರಾ, ವಾಂತಿಭೇದಿ ಅಂದ್ರೆ ಪ್ರತಿ ವರ್ಷದ ಅತಿಥಿ. ಮಕ್ಕಳು ಸಾಯ್ತಿದ್ದರು.

ಇದಕ್ಕೆ ಸಿಕ್ಕ ಪರಿಹಾರ ಕೊಳವೆಬಾವಿ. ಬಾಂಗ್ಲಾದೇಶ 1971ರಲ್ಲಿ ಸ್ವತಂತ್ರ ಆಯ್ತು. ಆ ದಶಕದಲ್ಲಿ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಇಲಾಖೆ ಯುನಿಸೆಫ್ ಜೊತೆ ಸೇರಿ ಹಳ್ಳಿಹಳ್ಳಿಗೆ ಕೈಪಂಪು ಹಾಕಿಸ್ತು. ಮಣ್ಣು ಮೆತ್ತಗೆ, ನೀರು ಮೇಲೇ ಸಿಗುತ್ತೆ. ನಮ್ಮ ಕೋಲಾರದ ಥರ ಸಾವಿರ ಅಡಿ ಕೊರೆಯೋ ಪ್ರಮೇಯ ಇಲ್ಲ. ನಾಲ್ಕೈದು ಆಳು ಒಂದೇ ದಿನದಲ್ಲಿ ಪೈಪ್ ಇಳಿಸಿಬಿಡ್ತಾರೆ, ದೊಡ್ಡ ಯಂತ್ರವೂ ಬೇಡ. ಹಾಗಾಗಿ ಆಮೇಲಾಮೇಲೆ ಸರ್ಕಾರಕ್ಕೆ ಕಾಯದೆ ಜನಾನೇ ಸ್ವಂತ ದುಡ್ಡಲ್ಲಿ ಹಾಕಿಸಿಕೊಂಡ್ರು. ಅಂಗಳದಲ್ಲಿ ಪಂಪು ಇರೋದು ಒಂದು ಹೆಮ್ಮೆ, ಮಗಳ ಮದುವೆ ಮಾತುಕತೆಯಲ್ಲೂ ಅದಕ್ಕೊಂದು ತೂಕ. 1990ರ ದಶಕದ ಹೊತ್ತಿಗೆ ದೇಶದ ಶೇ 95ರಷ್ಟು ಜನ ಕುಡೀತಿದ್ದದ್ದು ಅಂತರ್ಜಲ.

ಇದನ್ನ ತಪ್ಪು ಅಂತ ಹೇಳೋಕಾಗಲ್ಲ. ಭೇದಿಯಿಂದ ಸಾಯೋ ಮಕ್ಕಳ ಸಂಖ್ಯೆ ಇಳಿಯೋದ್ರಲ್ಲಿ ಈ ಪಂಪುಗಳಿಗೂ ಪಾಲಿದೆ ಅಂತ ಬಹಳ ವರ್ಷ ಎಲ್ಲರೂ ಹೇಳಿದ್ರು. ಪ್ರಪಂಚಾನೇ ಮೆಚ್ಚಿದ ಯೋಜನೆ ಅದು.

ಆಗ ನೀರನ್ನ ಪರೀಕ್ಷೆ ಮಾಡ್ಲಿಲ್ವಾ? ಮಾಡ್ತಿದ್ರು. ರೋಗಾಣು ಇದೆಯಾ, ಕಬ್ಬಿಣ ಎಷ್ಟು, ಉಪ್ಪು ಎಷ್ಟು ಅಂತ ನೋಡ್ತಿದ್ರು. ಆದರೆ ಆರ್ಸೆನಿಕ್, ಅಂದ್ರೆ ನಮ್ಮ ಅಜ್ಜಿಯರ ಬಾಯಲ್ಲಿನ ಪಾಷಾಣ, ಆ ಪಟ್ಟಿಯಲ್ಲಿ ಇರ್ಲಿಲ್ಲ. ನದಿ ತಂದು ಹಾಕಿದ ಮೆಕ್ಕಲು ಮಣ್ಣಿನ ನೀರಲ್ಲಿ ಪಾಷಾಣ ಇರಬಹುದು ಅಂತ ಆಗ ಯಾರೂ ನಿರೀಕ್ಷೆ ಮಾಡಿರ್ಲಿಲ್ಲ.

ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಪಾಠದಲ್ಲಿ ಒಂದು ಮಾತು ಬರುತ್ತೆ: ಆಡಿಟರ್ ಎಲ್ಲಾ ವೋಚರ್ ನೋಡಲ್ಲ, ಕೆಲವನ್ನ ಆರಿಸಿ ನೋಡ್ತಾನೆ. ಹಾಗಾಗಿ ರಿಪೋರ್ಟ್ ಓದೋವಾಗ ಅವನು ಏನು ಹೇಳಿದ್ದಾನೆ ಅನ್ನೋದರ ಜೊತೆಗೆ ಏನನ್ನ ನೋಡೇ ಇಲ್ಲ ಅನ್ನೋದನ್ನೂ ಓದ್ಬೇಕು. ಪರೀಕ್ಷೆಗೆ ಆಗ ಇದನ್ನ ಬಾಯಿಪಾಠ ಮಾಡಿ ಬರೆದಿದ್ದೆ. ಅದರ ಅರ್ಥ ಏನು ಅಂತ ತಿಳಿದಿದ್ದು ಈ ನೀರಿನ ಕಥೆ ಓದಿದ ಮೇಲೆ.

ಕೊಲೆ ಕೇಸಿನಿಂದ ಬಂದ ಪರೀಕ್ಷೆ

ಆರ್ಸೆನಿಕ್ ಪತ್ತೆ ಮಾಡೋ ವಿದ್ಯೆ ಆಗ ಗೊತ್ತಿರ್ಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಅದು ಹುಟ್ಟಿದ್ದು ನೀರಿಗಾಗಿ ಅಲ್ಲ, ಕೊಲೆ ಕೇಸಿಗಾಗಿ.

1830ರ ದಶಕದ ಇಂಗ್ಲೆಂಡ್. ಜಾನ್ ಬಾಡಲ್ ಅನ್ನೋ ಯುವಕ ತಾತನ ಕಾಫಿಗೆ ಪಾಷಾಣ ಹಾಕಿದ ಅಂತ ಆರೋಪ. ಜೇಮ್ಸ್ ಮಾರ್ಷ್ ಅನ್ನೋ ರಸಾಯನಶಾಸ್ತ್ರಜ್ಞನಿಗೆ ಪರೀಕ್ಷೆ ಮಾಡೋಕೆ ಹೇಳಿದ್ರು. ಅವನಿಗೆ ಆರ್ಸೆನಿಕ್ ಸಿಕ್ತು ಕೂಡ. ಆದರೆ ನ್ಯಾಯಾಲಯದಲ್ಲಿ ತೋರಿಸೋ ಹೊತ್ತಿಗೆ ಆ ಸಾಕ್ಷ್ಯ ಕೆಟ್ಟುಹೋಗಿತ್ತು. ಜ್ಯೂರಿ ಒಪ್ಪಲಿಲ್ಲ, ಆರೋಪಿ ಬಿಡುಗಡೆ. ಮಾರ್ಷ್‌ಗೆ ಅದು ತಡ್ಕೊಳ್ಳೋಕಾಗ್ಲಿಲ್ಲ. ಕೂತು ಹೊಸ ವಿಧಾನ ಕಂಡುಹಿಡಿದು 1836ರಲ್ಲಿ ಪ್ರಕಟಿಸಿದ.

ಉಪಾಯ ಸರಳ. ಅನುಮಾನ ಇರೋ ದ್ರವಕ್ಕೆ ಸತುವಿನ ಚೂರು, ಆಸಿಡ್ ಹಾಕಿ. ಆರ್ಸೆನಿಕ್ ಇದ್ದರೆ ಅದು ಆರ್ಸೀನ್ ಅನ್ನೋ ಅನಿಲ ಆಗಿ ಮೇಲೆ ಬರುತ್ತೆ. ಮಾರ್ಷ್ ಆ ಅನಿಲವನ್ನ ಉರಿಸಿ, ಗಾಜಿನ ಮೇಲೆ ಕಪ್ಪು ಹೊಳಪಿನ ಕಲೆ ಬೀಳೋ ಹಾಗೆ ಮಾಡಿದ. ಮುಂದೆ ಗುಟ್ಜೈಟ್ ಅನ್ನೋ ಜರ್ಮನ್ ವಿಜ್ಞಾನಿ ಹೆಸರಲ್ಲಿ ಇನ್ನೊಂದು ಸುಲಭ ರೂಪ ಬಂತು. ಅದರಲ್ಲಿ ಅನಿಲವನ್ನ ಒಂದು ಕಾಗದದ ಪಟ್ಟಿಗೆ ತಾಗಿಸ್ತಾರೆ, ಅದು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತೆ. ಈ ಕಾಗದದ ಪಟ್ಟಿಯನ್ನ ನೆನಪಿಟ್ಕೊಳ್ಳಿ, ಕಥೆಯ ಕೊನೇಲಿ ಮತ್ತೆ ಬರುತ್ತೆ.

ಅಂದ್ರೆ ವಿದ್ಯೆ ಇತ್ತು, ಒಂದೂವರೆ ಶತಮಾನದಿಂದ ಇತ್ತು. ಕೈಪಂಪಿನ ನೀರಿಗೆ ಅದನ್ನ ಹಾಕಿ ನೋಡ್ಬೇಕು ಅನ್ನೋ ಅನುಮಾನ ಮಾತ್ರ ಯಾರಿಗೂ ಬಂದಿರ್ಲಿಲ್ಲ.

ಚರ್ಮದ ಮೇಲಿನ ಮಳೆಹನಿ

ಆ ಅನುಮಾನ ಮೊದಲು ಬಂದಿದ್ದು ಒಬ್ಬ ಚರ್ಮದ ಡಾಕ್ಟರಿಗೆ. ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಡಾ. ಕೆ.ಸಿ. ಸಾಹಾ ಅಂತ ಇದ್ದರು. 1983ರಲ್ಲಿ ಅವರ ಹತ್ತಿರ ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಕೆಲವು ರೋಗಿಗಳು ಬಂದ್ರು. ಮೈಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು, ಬಿಳಿ ಚುಕ್ಕೆಗಳು. ಅಂಗೈ, ಅಂಗಾಲಲ್ಲಿ ಗಂಟು ಗಂಟಾಗಿ ಗಟ್ಟಿಯಾದ ಚರ್ಮ. ಊರಲ್ಲಿ ಇದನ್ನ ಕುಷ್ಠ ಅಂದ್ಕೊಂಡಿದ್ರು. ಸಾಹಾ ಅವರು ಇದು ದೀರ್ಘಕಾಲದ ಆರ್ಸೆನಿಕ್ ವಿಷ ಅಂತ ಗುರುತಿಸಿದ್ರು. ಇಡೀ ಕುಟುಂಬಕ್ಕೇ ಬಂದಿದೆ ಅಂದ್ರೆ ಅವರೆಲ್ಲರ ಹೊಟ್ಟೆಗೆ ಹೋಗೋ ಯಾವುದೋ ಒಂದರಲ್ಲಿ ಇರಬೇಕು. ಅದೇ ಕೊಳವೆಬಾವಿ ನೀರು. ಮುಂದಿನ ವರ್ಷಗಳಲ್ಲಿ ಗಡಿಯಾಚೆ ಬಾಂಗ್ಲಾದೇಶದಿಂದಲೂ ಇಂಥ ರೋಗಿಗಳು ಬಂದ್ರು.

ಡಾಕ್ಟರಿಗೆ ರೋಗ ಗೊತ್ತಾಯ್ತು, ಸರಿ. ಆದರೆ ಎಷ್ಟು ಹಳ್ಳಿ, ಎಷ್ಟು ಬಾವಿ, ಯಾವ ಬಾವಿ ಅನ್ನೋದಕ್ಕೆಲ್ಲ ಆಸ್ಪತ್ರೆಯಲ್ಲಿ ಉತ್ತರ ಸಿಗಲ್ಲ. ಅದಕ್ಕೆ ಲ್ಯಾಬು ಬೇಕು.

ಜಾದವ್‌ಪುರದ ಲ್ಯಾಬು

ಇಲ್ಲಿ ಬರ್ತಾರೆ ಪ್ರೊ. ದೀಪಂಕರ್ ಚಕ್ರವರ್ತಿ. ವಿದೇಶದಲ್ಲಿ ಕೆಲಸ ಮಾಡಿದ್ದ ವಿಶ್ಲೇಷಣಾ ರಸಾಯನಶಾಸ್ತ್ರಜ್ಞ. 1988ರಲ್ಲಿ ಪಶ್ಚಿಮ ಬಂಗಾಳದ ಹಳ್ಳಿಗಳ ನೀರಿನ ಸಮೀಕ್ಷೆ ಶುರು ಮಾಡಿದ್ರು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಸ್ಕೂಲ್ ಆಫ್ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಕಟ್ಟಿ ಬೆಳೆಸಿದ್ರು. 2018ರಲ್ಲಿ ತೀರಿಕೊಳ್ಳೋವರೆಗೂ ಈ ಕೆಲಸ ಬಿಡಲಿಲ್ಲ.

ಲ್ಯಾಬು ಕಟ್ಟೋದು ಅಂದ ತಕ್ಷಣ ನಮ್ಮ ತಲೆಗೆ ಬರೋದು ದೊಡ್ಡ ಮೆಷೀನು. ಆದರೆ ನೀರಿನ ಲ್ಯಾಬಿನ ಕೆಲಸ ಶುರುವಾಗೋದು ಬಾಟಲಿಯಿಂದ. ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ತಪ್ಪುಗಳು ಆಗೋದೇ ಇಲ್ಲಿ.

ಮೊದಲು ಪ್ರಮಾಣದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದ್ರೆ ಎಷ್ಟು? 10 ಸಾವಿರ ಲೀಟರಿನ ಹತ್ತು ಟ್ಯಾಂಕರ್ ನೀರು ಸಾಲಾಗಿ ನಿಲ್ಲಿಸಿ, ಎಲ್ಲಕ್ಕೂ ಸೇರಿಸಿ ಒಂದು ಗ್ರಾಂ ಆರ್ಸೆನಿಕ್ ಬೆರೆಸಿ. ಅಷ್ಟೇ ಮಿತಿ. ಇಷ್ಟು ಸೂಕ್ಷ್ಮವಾದದ್ದನ್ನ ಅಳೆಯೋವಾಗ ಬಾಟಲಿ ಕೊಳೆಯಾಗಿದ್ರೂ ಲೆಕ್ಕ ತಪ್ಪುತ್ತೆ. ಹಾಗಾಗಿ ಪ್ಲಾಸ್ಟಿಕ್ ಬಾಟಲಿಯನ್ನ ಆಸಿಡ್‌ನಲ್ಲಿ ನೆನೆಸಿ, ಶುದ್ಧ ನೀರಲ್ಲಿ ತೊಳೆದು ಒಣಗಿಸ್ಬೇಕು.

ಎರಡನೇದು ಹಳ್ಳಿಯಲ್ಲಿ ನೀರು ಹಿಡಿಯೋದು. ಪೈಪಿನಲ್ಲಿ ನಿಂತ ನೀರಲ್ಲ, ಕೆಲವು ನಿಮಿಷ ಪಂಪು ಹೊಡೆದ ಮೇಲೆ ಬರೋ ನೀರು. ಹಿಡಿದ ತಕ್ಷಣ ಸ್ವಲ್ಪ ನೈಟ್ರಿಕ್ ಆಸಿಡ್ ಹಾಕ್ಬೇಕು. ಯಾಕೆ? ಆ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಗಾಳಿ ತಾಗಿದ್ರೆ ಕಬ್ಬಿಣ ತುಕ್ಕಿನ ಹಾಗೆ ತಳಕ್ಕೆ ಕೂರುತ್ತೆ. ಕೂರೋವಾಗ ಆರ್ಸೆನಿಕ್ ಅನ್ನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ಆಸಿಡ್ ಹಾಕದ ಬಾಟಲಿ ಮೂರು ದಿನ ಬಸ್ಸಲ್ಲಿ ಪ್ರಯಾಣ ಮಾಡಿ ಲ್ಯಾಬಿಗೆ ಬಂದ್ರೆ, ಮೇಲಿನ ತಿಳಿನೀರಲ್ಲಿ ಆರ್ಸೆನಿಕ್ ಕಡಿಮೆ ಬರುತ್ತೆ. ರಿಪೋರ್ಟ್ 'ಪರವಾಗಿಲ್ಲ' ಅನ್ನುತ್ತೆ. ಆ ಮನೆಯವರು ಕುಡೀತಾನೇ ಇರ್ತಾರೆ. ಮೆಷೀನು ತಪ್ಪು ಮಾಡ್ಲಿಲ್ಲ, ಕೆಮಿಸ್ಟೂ ತಪ್ಪು ಮಾಡ್ಲಿಲ್ಲ. ತಪ್ಪಿದ್ದು ಒಂದೆರಡು ಹನಿ ಆಸಿಡ್ ಮಾತ್ರ.

ಮೂರನೇದು ಮೆಷೀನು. ಜಾದವ್‌ಪುರದಲ್ಲಿ ಬಳಸಿದ್ದು ಅಟಾಮಿಕ್ ಅಬ್ಸಾರ್ಪ್ಷನ್ ಅನ್ನೋ ವಿಧಾನ. ಹೆಸರು ದೊಡ್ಡದು, ಒಳಗಿರೋದು ಅದೇ ಮಾರ್ಷ್ ಉಪಾಯ. ನೀರಿಗೆ ಆಸಿಡ್ ಜೊತೆ ಇನ್ನೊಂದು ರಾಸಾಯನಿಕ ಸೇರಿಸಿ ಆರ್ಸೀನ್ ಅನಿಲ ಎಬ್ಬಿಸ್ತಾರೆ. ಅದನ್ನ ಬಿಸಿ ಮಾಡಿದ ಸ್ಫಟಿಕದ ಕೊಳವೆಯೊಳಗೆ ಕಳಿಸಿ, ಅದರ ಮೂಲಕ ಒಂದು ನಿರ್ದಿಷ್ಟ ಬೆಳಕು ಹಾಯಿಸ್ತಾರೆ. ಆರ್ಸೆನಿಕ್ ಎಷ್ಟಿದೆಯೋ ಅಷ್ಟು ಬೆಳಕನ್ನ ಅದು ನುಂಗುತ್ತೆ. ನುಂಗಿದ ಬೆಳಕಿನ ಲೆಕ್ಕವೇ ಉತ್ತರ.

ಈಗ ಇದನ್ನ ನಮ್ಮಂಥ ದೇಶದಲ್ಲಿ ನಡೆಸೋದನ್ನ ಊಹಿಸ್ಕೊಳ್ಳಿ. ಕರೆಂಟ್ ಹೋಗುತ್ತೆ, ಬರುತ್ತೆ, ವೋಲ್ಟೇಜ್ ಕುಣಿಯುತ್ತೆ. ಅನಿಲದ ಸಿಲಿಂಡರ್ ಖಾಲಿಯಾದ್ರೆ ಕೆಲಸ ನಿಂತಿತು. ವಿಶೇಷ ದೀಪ ಸುಟ್ಟುಹೋದ್ರೆ ಹೊರದೇಶದಿಂದ ತರಿಸ್ಬೇಕು. ಮೆಷೀನ್ ಕೊಳ್ಳೋಕೆ ಅನುದಾನ ಸಿಗುತ್ತೆ, ಉದ್ಘಾಟನೆಗೆ ಟೇಪ್ ಕತ್ತರಿಸೋಕೆ ಜನ ಬರ್ತಾರೆ. ಪ್ರತಿ ತಿಂಗಳ ಆಸಿಡ್, ಬಾಟಲಿ, ಸಂಬಳಕ್ಕೆ ದುಡ್ಡು ಯಾರು ಕೊಡ್ತಾರೆ? ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಬಂಡವಾಳ ವೆಚ್ಚ ಸಿಗುತ್ತೆ, ಚಾಲ್ತಿ ವೆಚ್ಚ ಸಿಗಲ್ಲ. ಬಡ ದೇಶಗಳ ಎಷ್ಟೋ ಲ್ಯಾಬುಗಳು ಹೀಗೇ ಬೀಗ ಬಿದ್ದ ಕೋಣೆಗಳಾಗ್ತವೆ.

ನಾಲ್ಕನೇದು ನಂಬಿಕೆ. ಒಳ್ಳೇ ಲ್ಯಾಬು ತನ್ನನ್ನ ತಾನೇ ನಂಬಲ್ಲ. ಏನೂ ಇಲ್ಲದ ಶುದ್ಧ ನೀರನ್ನ ಮಧ್ಯೆ ಮಧ್ಯೆ ಪರೀಕ್ಷಿಸುತ್ತೆ, ಉತ್ತರ ಸೊನ್ನೆ ಬರ್ಬೇಕು. ಒಂದೇ ನೀರನ್ನ ಎರಡು ಸಲ ಹಾಕುತ್ತೆ, ಎರಡೂ ಹೊಂದ್ಬೇಕು. ಎಷ್ಟಿದೆ ಅಂತ ಮೊದಲೇ ಗೊತ್ತಿರೋ ಮಾದರಿಯನ್ನ ತರಿಸಿ ಅಳೆಯುತ್ತೆ. ಒಂದಿಷ್ಟು ಮಾದರಿಯನ್ನ ಬೇರೆ ಲ್ಯಾಬಿಗೆ ಕಳಿಸಿ ಹೋಲಿಸುತ್ತೆ. ಬ್ಯಾಂಕ್ ಪಾಸ್‌ಬುಕ್ಕೂ ನಮ್ಮ ಕ್ಯಾಶ್ ಬುಕ್ಕೂ ತಾಳೆ ಹಾಕಿ ನೋಡ್ತೀವಲ್ಲ, ಹಾಗೆ.

ಇಷ್ಟೆಲ್ಲ ಮಾಡಿ ಜಾದವ್‌ಪುರದವರು ಸುಮಾರು ಎರಡು ದಶಕದಲ್ಲಿ ಪಶ್ಚಿಮ ಬಂಗಾಳದ ಆಗಿನ 19 ಜಿಲ್ಲೆಗಳಿಂದ 1,40,150 ಕೊಳವೆಬಾವಿಗಳ ನೀರು ಪರೀಕ್ಷಿಸಿದ್ರು. ಶೇ 48ರಷ್ಟು ಬಾವಿಗಳಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಿತ್ತು. ನೀರಷ್ಟೇ ಅಲ್ಲ, ಹಳ್ಳಿ ಜನರ ಕೂದಲು, ಉಗುರು, ಮೂತ್ರವನ್ನೂ ಪರೀಕ್ಷಿಸಿದ್ರು. ನೀರಿನ ರಿಪೋರ್ಟನ್ನ ಒಪ್ಪದವರಿಗೆ ಉಗುರಿನ ರಿಪೋರ್ಟ್ ಇತ್ತು.

ನೋಡದೇ ಬಿಟ್ಟ ಒಂದು ಹೆಸರು

ಈಗ ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋಗೋಣ. 1992. ಬ್ರಿಟಿಷ್ ಜಿಯಾಲಜಿಕಲ್ ಸರ್ವೆಯವರು ದೇಶದ ಮಧ್ಯ ಮತ್ತು ಈಶಾನ್ಯ ಭಾಗದ ಸುಮಾರು 150 ಕೊಳವೆಬಾವಿಗಳ ನೀರನ್ನ ಪರೀಕ್ಷೆ ಮಾಡಿ ವರದಿ ಕೊಟ್ರು. ಹಲವು ಧಾತುಗಳನ್ನ ಅಳೆದಿದ್ರು. ಆರ್ಸೆನಿಕ್ ಅಳೆದಿರ್ಲಿಲ್ಲ.

ಅಳೆದಿದ್ದರೆ ಮರುವರ್ಷವೇ ಎಚ್ಚರ ಆಗ್ತಿತ್ತಾ? ಈ ಪ್ರಶ್ನೆ ಮುಂದೆ ಬ್ರಿಟನ್ನಿನ ನ್ಯಾಯಾಲಯಕ್ಕೆ ಹೋಯ್ತು. ಬಾಂಗ್ಲಾದೇಶದ ಒಬ್ಬ ಹಳ್ಳಿಗರು, ತಮ್ಮಂಥ ನೂರಾರು ಜನರ ಪರವಾಗಿ ದಾವೆ ಹೂಡಿದ್ರು. 'ಆ ವರದಿಯಿಂದ ನಮ್ಮ ನೀರು ಸರಿಯಾಗಿದೆ ಅಂತ ಎಲ್ಲರೂ ನಂಬಿದ್ರು' ಅನ್ನೋದು ಅವರ ವಾದ. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು. ಸಂಸ್ಥೆ ಆ ನೀರನ್ನ ಕುಡಿಯೋಕೆ ಯೋಗ್ಯ ಅಂತ ಎಲ್ಲೂ ಹೇಳಿಲ್ಲ, ಬಾಂಗ್ಲಾದೇಶದ ನೀರು ಪೂರೈಕೆಯ ಹೊಣೆ ಅದರದ್ದಲ್ಲ, ಹಾಗಾಗಿ ಆ ಹಳ್ಳಿಗರ ಬಗ್ಗೆ ಅದಕ್ಕೆ ಕಾನೂನಿನ ಕರ್ತವ್ಯ ಇರ್ಲಿಲ್ಲ ಅಂತ. ಕೇಸು ಬಿತ್ತು.

ಕಾನೂನು ಪ್ರಕಾರ ಅದು ಮುಗಿದ ವಿಷಯ. ನನಗೆ ಮಾತ್ರ ಇದು ಕಾಡ್ತಾನೇ ಇರುತ್ತೆ. ರಿಪೋರ್ಟಿನಲ್ಲಿ ಇಲ್ಲದ ಒಂದು ಸಾಲು. ಅದನ್ನ ಓದಿದವರು 'ಇಲ್ಲ' ಅಂದ್ರೆ 'ವಿಷ ಇಲ್ಲ' ಅಂತ ತಿಳ್ಕೊಂಡ್ರು. 'ನಾವು ನೋಡಿಲ್ಲ' ಅಂತ ಅದರ ಅರ್ಥ. ಈ ಎರಡರ ನಡುವೆ ಎಷ್ಟು ದೂರ ಅಂತ ಯೋಚನೆ ಮಾಡಿ.

1993ರಲ್ಲಿ ಬಾಂಗ್ಲಾದೇಶದ ಇಲಾಖೆಯವರೇ ಚಾಪಾಯ್ ನವಾಬ್‌ಗಂಜ್ ಜಿಲ್ಲೆಯ ಬಾವಿಗಳಲ್ಲಿ ಆರ್ಸೆನಿಕ್ ಕಂಡ್ರು. 1995ರಲ್ಲಿ ಕೋಲ್ಕತ್ತದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೀತು, ವಿಷಯ ಪ್ರಪಂಚಕ್ಕೆ ತಿಳೀತು. ಜಾದವ್‌ಪುರದ ತಂಡ ಢಾಕಾ ಕಮ್ಯುನಿಟಿ ಆಸ್ಪತ್ರೆಯ ಜೊತೆ ಸೇರಿ ಗಡಿಯಾಚೆಯ ಹಳ್ಳಿಗಳಲ್ಲೂ ಕೆಲಸ ಮಾಡ್ತು. ಕೊನೆಗೆ ಅದೇ ಬ್ರಿಟಿಷ್ ಸಂಸ್ಥೆ, ಬಾಂಗ್ಲಾದೇಶದ ಇಲಾಖೆ ಜೊತೆ ಸೇರಿ 64 ಜಿಲ್ಲೆಗಳ ಪೈಕಿ 61ರಲ್ಲಿ 3,534 ಬಾವಿಗಳನ್ನ ಪರೀಕ್ಷಿಸ್ತು. 2001ರ ವರದಿ ಪ್ರಕಾರ 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ಶೇ 27ರಷ್ಟು, ಬಾಂಗ್ಲಾದೇಶದ ಮಿತಿಯಾದ 50 ಮೈಕ್ರೋಗ್ರಾಂ ಮೀರಿದ್ದವು. ಅಂಥ ನೀರು ಕುಡೀತಿದ್ದವರು ಅಂದಾಜು 3.5 ಕೋಟಿ ಜನ. 10ರ ಮಿತಿ ಹಿಡಿದ್ರೆ 5.7 ಕೋಟಿ.

ವಿಷ ಎಲ್ಲಿಂದ ಬಂತು? ಕಾರ್ಖಾನೆಯಿಂದ ಅಲ್ಲ. ಹಿಮಾಲಯದಿಂದ ಸಾವಿರಾರು ವರ್ಷ ಕೊಚ್ಚಿ ಬಂದ ಮಣ್ಣಿನ ಕಣಗಳಿಗೆ ಕಬ್ಬಿಣದ ತುಕ್ಕಿನ ಲೇಪ, ಆ ಲೇಪದಲ್ಲಿ ಆರ್ಸೆನಿಕ್. ನೆಲದೊಳಗೆ ಆಮ್ಲಜನಕ ಇಲ್ಲದ ಕಡೆ, ಕೊಳೆಯೋ ಸಾವಯವ ವಸ್ತುವಿನ ನೆರವಿನಿಂದ ಸೂಕ್ಷ್ಮಜೀವಿಗಳು ಆ ತುಕ್ಕನ್ನ ಕರಗಿಸ್ತವೆ. ಆರ್ಸೆನಿಕ್ ನೀರಿಗೆ ಬಿಡುಗಡೆ ಆಗುತ್ತೆ. ಮಣ್ಣಿನ ಪದರ ಜಾಗಕ್ಕೊಂದು ಥರ ಇರೋದ್ರಿಂದಲೇ ಅಣ್ಣನ ಬಾವಿ ಹಸಿರು, ತಮ್ಮನ ಬಾವಿ ಕೆಂಪು. ಹಾಗಾಗಿ ನಾಲ್ಕು ಬಾವಿ ನೋಡಿ ಊರಿಗೆಲ್ಲ ಒಂದೇ ತೀರ್ಪು ಕೊಡೋಕಾಗಲ್ಲ. ಪ್ರತಿಯೊಂದು ಬಾವಿಯನ್ನೂ ಪರೀಕ್ಷಿಸ್ಲೇಬೇಕು.

50 ಲಕ್ಷ ಬಾವಿ, ಒಂದು ಕಾಗದದ ಪಟ್ಟಿ

ಸಮಸ್ಯೆ ಅರ್ಥ ಆಯ್ತಲ್ಲ? ಲಕ್ಷಾಂತರ ಬಾವಿ. ಬೆರಳೆಣಿಕೆಯ ಲ್ಯಾಬು. ಕೊಲಂಬಿಯಾ ವಿಶ್ವವಿದ್ಯಾಲಯದವರು ಢಾಕಾ ಹತ್ತಿರದ ಆರೈಹಜಾರ್‌ನಲ್ಲಿ ಸುಮಾರು 6,000 ಬಾವಿಗಳ ನೀರು ಸಂಗ್ರಹಿಸಿದಾಗ, ಪರೀಕ್ಷೆ ನಡೆದಿದ್ದು ಅಮೆರಿಕದಲ್ಲಿ. ಹಳ್ಳಿಯ ಪಂಪಿನ ನೀರು ಸಾಗರ ದಾಟಿ ಹೋಗಿ ಉತ್ತರ ತರ್ಬೇಕಾಯ್ತು. ಇಡೀ ದೇಶಕ್ಕೆ ಅದು ಆಗೋ ಮಾತಾ?

ಆಗ ವಾಪಸ್ ಬಂತು ಆ ಕಾಗದದ ಪಟ್ಟಿ. ಫೀಲ್ಡ್ ಕಿಟ್ ಅಂದ್ರೆ ಒಂದು ಡಬ್ಬಿ. ಅದರಲ್ಲಿ ಚಿಕ್ಕ ಬಾಟಲಿ, ಆಸಿಡ್ ಪುಡಿ, ಸತುವಿನ ಪುಡಿ, ಕಾಗದದ ಪಟ್ಟಿ, ಬಣ್ಣದ ಚಾರ್ಟು. ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದ್ರು. 2000ದಿಂದ 2003ರ ನಡುವೆ ವಿಶ್ವಬ್ಯಾಂಕ್ ನೆರವಿನ ಯೋಜನೆ ಮತ್ತು ಇತರರು ಸೇರಿ ಸುಮಾರು 50 ಲಕ್ಷ ಬಾವಿಗಳನ್ನ ಹೀಗೆ ಪರೀಕ್ಷಿಸಿದ್ರು. ಸುಮಾರು 14 ಲಕ್ಷ ಪಂಪುಗಳಿಗೆ ಕೆಂಪು ಬಣ್ಣ ಬಿತ್ತು.

ಇದು ದೊಡ್ಡ ಸಾಧನೆ. ಹಾಗೇ ದೊಡ್ಡ ಜಗಳ ಕೂಡ. 2002ರಲ್ಲಿ ಜಾದವ್‌ಪುರದ ತಂಡ ಬಣ್ಣ ಬಳಿದ 2,866 ಬಾವಿಗಳನ್ನ ಮತ್ತೆ ತಮ್ಮ ಲ್ಯಾಬಿನಲ್ಲಿ ಪರೀಕ್ಷಿಸಿ, 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದ ಬಾವಿಗಳಲ್ಲಿ ಶೇ 45ರಷ್ಟಕ್ಕೆ ತಪ್ಪು ಬಣ್ಣ ಬಿದ್ದಿದೆ ಅಂತ ಪ್ರಕಟಿಸ್ತು. ಕೋಟ್ಯಂತರ ದುಡ್ಡು ಸುರಿದ ಯೋಜನೆಯ ಫಲ ಇದಾ ಅಂತ ಕೇಳ್ತು. 2005ರಲ್ಲಿ ಕೊಲಂಬಿಯಾ ತಂಡ ಆರೈಹಜಾರ್‌ನಲ್ಲಿ 799 ಬಾವಿಗಳ ಕಿಟ್ ಫಲಿತಾಂಶವನ್ನ ಲ್ಯಾಬಿನ ಜೊತೆ ಹೋಲಿಸಿ, ಶೇ 88ರಷ್ಟು ಸರಿ ಇದೆ ಅಂತು. ಕಾಗದಕ್ಕೆ 20 ನಿಮಿಷದ ಬದಲು 40 ನಿಮಿಷ ಕಾದ್ರೆ ಇನ್ನೂ ಸರಿಯಾಗುತ್ತೆ ಅಂತಾನೂ ತೋರಿಸ್ತು.

ಯಾರು ಸರಿ? ನನ್ನ ಓದಿನ ಮಟ್ಟಿಗೆ, ಇಬ್ಬರೂ. ಕಿಟ್ ಬೇರೆ ಬೇರೆ, ಹಿಡಿದ ಕೈ ಬೇರೆ, ತಾಳ್ಮೆ ಬೇರೆ. ಬಿಸಿಲಲ್ಲಿ ದಿನಕ್ಕೆ ಹತ್ತಾರು ಬಾವಿ ನೋಡ್ಬೇಕಾದ ಹುಡುಗನಿಗೆ 20 ನಿಮಿಷಾನೂ ಯುಗ. ಕಣ್ಣಲ್ಲಿ ಬಣ್ಣ ಹೋಲಿಸೋದು ಬೇರೆ. 300 ಮೈಕ್ರೋಗ್ರಾಂ ಇದ್ದರೆ ಯಾರಿಗಾದ್ರೂ ಕಾಣುತ್ತೆ. ಆದರೆ 40 ಮತ್ತು 60ರ ನಡುವಿನ ಹಳದಿ ಗೆರೆ? ಆ ಗೆರೆಯ ಮೇಲೇ ಒಂದು ಮನೆಯ ಬಣ್ಣ ನಿರ್ಧಾರ ಆಗ್ಬೇಕಿತ್ತು. ಕಿಟ್ ಬೇಕು, ಆದರೆ ಅದರ ಬೆನ್ನಿಗೆ ಅದನ್ನ ಪ್ರಶ್ನೆ ಮಾಡೋ ಲ್ಯಾಬೂ ಬೇಕು. ಎರಡರಲ್ಲಿ ಒಂದನ್ನ ಆರಿಸ್ಕೋ ಅನ್ನೋ ವಾದವೇ ಸರಿ ಅಲ್ಲ.

ರಿಪೋರ್ಟ್ ಬಂದ ಮೇಲೆ

ಒಳ್ಳೇ ಸುದ್ದಿ ಒಂದು ಹೇಳ್ತೀನಿ. ಆರೈಹಜಾರ್‌ನಲ್ಲಿ ತಮ್ಮ ಬಾವಿ ಅಸುರಕ್ಷಿತ ಅಂತ ತಿಳಿದವರಲ್ಲಿ ಸುಮಾರು ಶೇ 60 ಜನ ಒಂದು ವರ್ಷದೊಳಗೆ ಬೇರೆ ಬಾವಿಗೆ ಬದಲಾದ್ರು. ಹೊಸ ಪೈಪ್‌ಲೈನ್ ಬಂದಿರ್ಲಿಲ್ಲ, ಫಿಲ್ಟರ್ ಹಂಚಿರ್ಲಿಲ್ಲ. ಬರೀ ಮಾಹಿತಿ ಸಿಕ್ಕಿದ್ದಷ್ಟೇ. ಪಕ್ಕದ ಮನೆಯ ಹಸಿರು ಪಂಪಿಗೆ ಕೊಡ ಹಿಡ್ಕೊಂಡು ನಡೆದ್ರು.

ಆ ನಡಿಗೆ ಸುಲಭ ಇರ್ಲಿಲ್ಲ. ಕೊಡ ಹೊರೋದು ಹೆಂಗಸರು. ಪಕ್ಕದ ಮನೆಯವರ ಜೊತೆ ಜಗಳ ಇದ್ದರೆ? ಅವರು 'ದಿನಾ ಬರಬೇಡಿ' ಅಂದ್ರೆ? ಮೈಮೇಲೆ ಚುಕ್ಕೆ ಬಂದ ಹೆಣ್ಣುಮಕ್ಕಳಿಗೆ ಮದುವೆ ಆಗ್ಲಿಲ್ಲ, ಮದುವೆಯಾದ ಕೆಲವರನ್ನ ಗಂಡನ ಮನೆಯವರು ತವರಿಗೆ ಕಳಿಸಿದ್ರು. ಕೆಂಪು ಬಣ್ಣ ಬರೀ ಪಂಪಿಗೆ ಬಿದ್ದಿರ್ಲಿಲ್ಲ.

ಬಣ್ಣಾನೂ ಶಾಶ್ವತ ಅಲ್ಲ. ಮಳೆ, ಬಿಸಿಲು, ವರ್ಷಗಳು. ಕೆಂಪು ಮಾಸಿತು, ಹಸಿರೂ ಮಾಸಿತು. ಅಷ್ಟರಲ್ಲಿ ಜನ ಲಕ್ಷಗಟ್ಟಲೆ ಹೊಸ ಬಾವಿ ಹಾಕಿಸಿದ್ರು, ಅವನ್ನ ಯಾರೂ ಪರೀಕ್ಷಿಸಿರ್ಲಿಲ್ಲ. 2016ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ, ಇನ್ನೂ ಸುಮಾರು 2 ಕೋಟಿ ಜನ ಮಿತಿ ಮೀರಿದ ಆರ್ಸೆನಿಕ್ ನೀರು ಕುಡೀತಿದ್ದಾರೆ ಅಂತ ಹೇಳ್ತು. ಆಳದ ಸುರಕ್ಷಿತ ಸರ್ಕಾರಿ ಬಾವಿಗಳು ಬೇಕಾದ ಕಡೆ ಹೋಗದೆ ಪ್ರಭಾವಿಗಳ ಮನೆ ಹತ್ತಿರ ಹೋಗಿವೆ ಅಂತಾನೂ ಅದು ಬರೀತು. ಲ್ಯಾಬು ಯೋಜನೆಯ ಅವಧಿ ಮುಗಿದ ತಕ್ಷಣ ಮುಗಿಯೋ ಕೆಲಸ ಅಲ್ಲ. ಪ್ರತಿ ವರ್ಷ ಲೆಕ್ಕ ಮುಗಿಸಿ ಮತ್ತೆ ಹೊಸ ಪುಸ್ತಕ ತೆಗೀತೀವಲ್ಲ, ಆ ಥರದ್ದು.

ನಮ್ಮ ನಲ್ಲಿಗೆ ಬಂದರೆ

'ಇದು ಬಂಗಾಳದ ಕಥೆ, ನಮಗೇನು' ಅನ್ನೋ ಹಾಗಿಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಲ್ಲಿ ಆರ್ಸೆನಿಕ್ ಸಿಕ್ಕಿದ್ದು ವರದಿಯಾಗಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಫ್ಲೋರೈಡ್ ಕಥೆ ಗೊತ್ತೇ ಇದೆ, ಅದೂ ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಸಿಗಲ್ಲ.

ನಮ್ಮಲ್ಲಿ 2019ರಲ್ಲಿ ಜಲಜೀವನ ಮಿಷನ್ ಶುರುವಾದ ಮೇಲೆ ಸರ್ಕಾರಿ ನೀರಿನ ಲ್ಯಾಬುಗಳನ್ನ ಸಾರ್ವಜನಿಕರಿಗೂ ತೆರೆದಿದ್ದಾರೆ. ಸಣ್ಣ ಶುಲ್ಕ ಕೊಟ್ಟು ನಿಮ್ಮ ಮನೆ ಬೋರ್ ನೀರು ಕೊಡಬಹುದು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಫೀಲ್ಡ್ ಕಿಟ್ ತರಬೇತಿ ಕೊಡ್ಬೇಕು ಅಂತ ನಿಯಮ ಇದೆ. ನಿಮ್ಮೂರಲ್ಲಿ ಆ ಐವರು ಯಾರು ಅಂತ ಪಂಚಾಯಿತಿಯಲ್ಲಿ ಕೇಳಿ ನೋಡಿ.

ಇನ್ನೊಂದು ಮಾತು. ಅಂಗಡಿಯವರು ಫಿಲ್ಟರ್ ಮಾರೋವಾಗ ಪೆನ್ನಿನ ಥರದ ಟಿಡಿಎಸ್ ಮೀಟರ್ ಅದ್ದಿ ತೋರಿಸ್ತಾರಲ್ಲ, ಅದನ್ನ ನೀರಿನ ಪರೀಕ್ಷೆ ಅಂತ ನಂಬಬೇಡಿ. ಅದು ನೀರಲ್ಲಿ ಕರಗಿರೋ ಎಲ್ಲಾ ಲವಣಗಳ ಒಟ್ಟು ಮೊತ್ತ ಹೇಳುತ್ತೆ. ಟಿಡಿಎಸ್ 500 ಇರೋ ನೀರಲ್ಲಿ 50 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದರೆ, ಅದು ಒಟ್ಟು ಮೊತ್ತದ 10 ಸಾವಿರದಲ್ಲಿ ಒಂದು ಪಾಲು. ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ.

ಲ್ಯಾಬಿನಿಂದ ರಿಪೋರ್ಟ್ ತಗೊಂಡಾಗ ಮೂರು ಪ್ರಶ್ನೆ ಕೇಳಿ. ಯಾವ ಯಾವ ಅಂಶ ನೋಡಿದ್ದೀರಿ? ಯಾವುದನ್ನ ನೋಡಿಲ್ಲ? ನೀರನ್ನ ಯಾರು, ಯಾವಾಗ, ಹೇಗೆ ಹಿಡಿದ್ರು? ಕೇಳೋಕೆ ಕೆಮಿಸ್ಟ್ರಿ ಓದಿರ್ಬೇಕಾಗಿಲ್ಲ. ನಾನೂ ಓದಿಲ್ಲ.

ಬಂಗಾಳದ ಕಥೆಯಲ್ಲಿ ಖಳನಾಯಕ ಅಂತ ಒಬ್ಬರನ್ನ ತೋರಿಸೋಕಾಗಲ್ಲ. ಪಂಪು ಹಾಕಿದವರು ಮಕ್ಕಳನ್ನ ಉಳಿಸೋಕೆ ಹಾಕಿದ್ರು. ವರದಿ ಬರೆದವರು ತಾವು ನೋಡಿದ್ದನ್ನೇ ಬರೆದ್ರು. ಆದ್ರೂ ಕೋಟ್ಯಂತರ ಜನ ದಿನಾ ಲೋಟ ಲೋಟ ಪಾಷಾಣ ಕುಡಿದ್ರು. ಕಾರಣ, ಒಂದು ಬಾಟಲಿ ನೀರನ್ನ ಸರಿಯಾದ ಪ್ರಶ್ನೆ ಜೊತೆ ಲ್ಯಾಬಿಗೆ ತಗೊಂಡು ಹೋಗೋರು ಬಹಳ ವರ್ಷ ಇರ್ಲಿಲ್ಲ.

ಮೊದಲು ಕೈಗೆತ್ಕೊಂಡ ಬಾಟಲಿ ಇನ್ನೂ ಪಕ್ಕದಲ್ಲೇ ಇದೆಯಲ್ಲ? ಕುಡೀರಿ, ಬೇಡ ಅನ್ನಲ್ಲ. ಆ ನೀರು ಎಲ್ಲಿಂದ ಬಂತು, ಅದನ್ನ ಕೊನೇ ಸಲ ಯಾರು ಪರೀಕ್ಷೆ ಮಾಡಿದ್ರು ಅಂತ ಈ ವಾರ ಒಮ್ಮೆ ವಿಚಾರಿಸಿ. ಉತ್ತರ ಸಿಕ್ಕಿದ್ರೆ ನಮಗೂ ಬರೆದು ತಿಳಿಸಿ, ಸಿಗದಿದ್ರೂ ತಿಳಿಸಿ.